ಗೋಡೆಯೊಳಗೆ ಹುಲ್ಲುಗಾವಲು: ಹೊನ್ನಾವರದ ಗೆಳೆಯನಿಗೊಂದು ಪತ್ರ

ಪ್ರಿಯ ರಾಘು,

ಹಾಲೆಂಡಿಗೆ ಬಂದರೆ ಆಮ್‌ಸ್ಟರ್‌ಡ್ಯಾಮ್ ಬಿಟ್ಟು ಬೇರೆ ಏನು ನೋಡಲಿ ಅಂತ ಕೇಳಿದ್ದೆಯಲ್ಲ. ಟುಲಿಪ್ ತೋಟ, ಗಾಳಿಗಿರಣಿ ಎಲ್ಲರೂ ತೋರಿಸುತ್ತಾರೆ. ಅದಕ್ಕೆ ನನ್ನ ಪತ್ರ ಬೇಕಿಲ್ಲ. ನಾನು ಹೇಳುವುದು ಒಂದೇ ಊರು, ಎಂಕ್‌ಹೌಜನ್. ಹಳೆಯ ಕಾಲದ ಬಂದರು, ಸುತ್ತಲೂ ಕೋಟೆ. ಹೊನ್ನಾವರದವನಾದ ನೀನು ಈ ಊರನ್ನು ನೋಡಲೇಬೇಕು. ಯಾಕೆ ಅಂತ ಮುಂದೆ ಬರೆಯುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು.

ಮೊದಲು ಫೋನಿನಲ್ಲಿ ನಕ್ಷೆ ತೆಗೆದು ಜಾಗ ನೋಡಿಕೋ. ದೇಶದ ವಾಯವ್ಯಕ್ಕೆ ವೆಸ್ಟ್ ಫ್ರೀಸ್‌ಲ್ಯಾಂಡ್ ಅಂತ ಒಂದು ಸೀಮೆ ಇದೆ. ಅದರ ಪೂರ್ವದ ಅಂಚು ನೀರಿನೊಳಗೆ ಚಾಚಿಕೊಂಡಿದೆ. ಆ ತುದಿಯಲ್ಲೇ ಎಂಕ್‌ಹೌಜನ್. ಈಗ ಅಲ್ಲಿ ಕಾಣುವುದು ಸಿಹಿನೀರಿನ ದೊಡ್ಡ ಕೆರೆ. 1932ರ ತನಕ ಅದು ಸಮುದ್ರವಾಗಿತ್ತು, ಹೆಸರು ಜೌಡರ್‌ಜೇ. 12, 13ನೇ ಶತಮಾನದಲ್ಲಿ ಒಂದರ ಮೇಲೊಂದು ಬಿರುಗಾಳಿಯ ನೆರೆ ಬಂತು. ಮೆತ್ತನೆಯ ಜೌಗು ನೆಲವನ್ನು ಕಡಲು ಕೊಚ್ಚಿಕೊಂಡು ಹೋಯಿತು. 1287ರ ಡಿಸೆಂಬರಿನ ನೆರೆಯಂತೂ ಸಾವಿರಾರು ಜನರನ್ನು ನುಂಗಿತು. ಹಾಗೆ ಉತ್ತರ ಸಮುದ್ರ ದೇಶದ ಹೊಟ್ಟೆಯೊಳಗೆ ನುಗ್ಗಿ ನಿಂತದ್ದೇ ಜೌಡರ್‌ಜೇ. ಆಳ ಕಡಿಮೆ, ಸರಾಸರಿ ನಾಲ್ಕೈದು ಮೀಟರ್ ಅಷ್ಟೇ. ಆದರೆ ಗಾಳಿ ಎದ್ದರೆ ಅಲೆ ಜೋರು. ಉತ್ತರದ ದ್ವೀಪಗಳ ಸಂದಿಯಿಂದ ಒಳಗೆ ಬಂದು ಆಮ್‌ಸ್ಟರ್‌ಡ್ಯಾಮ್ ಕಡೆ ಹೋಗುವ ಹಡಗು ಎಂಕ್‌ಹೌಜನ್ನಿನ ಮುಂದೆ ಹಾದೇ ಹೋಗಬೇಕಿತ್ತು. ಊರಿನ ಅದೃಷ್ಟ ಇದ್ದದ್ದು ಈ ಜಾಗದಲ್ಲಿ.

ಮೊದಲಿಗೆ ಇಲ್ಲಿ ಎರಡು ಹಳ್ಳಿ ಇದ್ದವು. ನೀರಿನ ಪಕ್ಕದ್ದು ಮೀನುಗಾರರ ಎಂಕ್‌ಹೌಜನ್. ಒಳಗಿನದು ರೈತರ ಗೊಮ್ಮರ್‌ಕಾರ್ಸ್ಪೆಲ್. 14ನೇ ಶತಮಾನದ ನಡುವೆ ಇವೆರಡೂ ಸೇರಿ ಒಂದು ಪಟ್ಟಣವಾದವು. ಇವತ್ತಿಗೂ ಊರಲ್ಲಿ ಎರಡು ದೊಡ್ಡ ಹಳೆಯ ಚರ್ಚ್ ಇರುವುದಕ್ಕೆ ಇದೇ ಕಾರಣ. ಸಂತ ಪಾಂಕ್ರಾಸನ ಚರ್ಚ್ ಕಡಲಿನವರದು, ಸಂತ ಗೊಮ್ಮಾರುಸನ ಚರ್ಚ್ ಹೊಲದವರದು. ಈ ಮೀನು ಮತ್ತು ಹೊಲದ ಜೋಡಿ ನೆನಪಿಟ್ಟುಕೋ. ಮುಂದೆ ಊರು ಕಷ್ಟಕ್ಕೆ ಸಿಕ್ಕಾಗ ಕೈ ಹಿಡಿದದ್ದು ಹೊಲ.

ಪಟ್ಟಣದ ಲಾಂಛನದಲ್ಲಿ ಮೂರು ಹೆರಿಂಗ್ ಮೀನು, ತಲೆಯ ಮೇಲೆ ಕಿರೀಟ. ಮೀನಿಗೆ ಕಿರೀಟ ತೊಡಿಸಿದ ಊರು ಇದು. ಸುಮ್ನೆ ಅಲಂಕಾರಕ್ಕೆ ಮಾಡಿದ್ದಲ್ಲ. 17ನೇ ಶತಮಾನದ ಮೊದಲ ಭಾಗದಲ್ಲಿ ಇಲ್ಲಿಂದ ನೂರಾರು ಹೆರಿಂಗ್ ಹಡಗು ಹೊರಡುತ್ತಿದ್ದವು. ಜೂನ್ ಕೊನೆಗೆ ಸ್ಕಾಟ್‌ಲೆಂಡಿನ ಉತ್ತರಕ್ಕೆ, ಶೆಟ್‌ಲ್ಯಾಂಡ್ ದ್ವೀಪಗಳ ಹತ್ತಿರ ಬಲೆ ಹಾಕುತ್ತಿದ್ದರು. ಅಷ್ಟು ದೂರ ಹಿಡಿದ ಮೀನು ಊರಿಗೆ ಬರುವಷ್ಟರಲ್ಲಿ ಕೊಳೆಯಬೇಕು, ಅಲ್ವಾ? ಅಲ್ಲೇ ಇವರ ಕೈಚಳಕ. ಮೀನು ಹಡಗಿನ ಮೇಲೆ ಬಿದ್ದ ಕೂಡಲೇ ಒಬ್ಬ ಗಿಡ್ಡ ಚಾಕು ಹಿಡಿದು ಕಿವಿರಿನ ಹತ್ತಿರ ಒಂದೇ ಕೊಯ್ತ ಹಾಕುತ್ತಾನೆ. ಕಿವಿರು, ಕರುಳು ಒಟ್ಟಿಗೆ ಹೊರಗೆ ಬರುತ್ತವೆ. ಮೇದೋಜೀರಕ ಗ್ರಂಥಿಯನ್ನು ಮಾತ್ರ ಒಳಗೇ ಬಿಡುತ್ತಾನೆ. ಅದರೊಳಗಿನ ರಸವೇ ಮೀನನ್ನು ಮೆತ್ತಗೆ ಹದ ಮಾಡುತ್ತದೆ. ಆಮೇಲೆ ಪೀಪಾಯಿಯಲ್ಲಿ ಒಂದು ಸಾಲು ಮೀನು, ಒಂದು ಪದರ ಉಪ್ಪು. ಹೀಗೆ ಮಾಡಿದ ಮೀನು ತಿಂಗಳುಗಟ್ಟಲೆ ಕೆಡುವುದಿಲ್ಲ. ಹಡಗೇ ಒಂದು ಕಾರ್ಖಾನೆ. ಆದ್ದರಿಂದ ವಾರಗಟ್ಟಲೆ ಕಡಲಲ್ಲೇ ಇರಬಹುದಿತ್ತು. ಉಪ್ಪು ಫ್ರಾನ್ಸ್, ಪೋರ್ಚುಗಲ್‌ನಿಂದ ಬರಬೇಕು. ಪೀಪಾಯಿಗೆ ಮರ ಬಾಲ್ಟಿಕ್ ಕಡೆಯಿಂದ ಬರಬೇಕು. ಮೀನು ವಾಪಸ್ ಬಾಲ್ಟಿಕ್‌ಗೆ ಹೋಗಬೇಕು, ಅಲ್ಲಿಂದ ಧಾನ್ಯ ಬರಬೇಕು. ಒಂದು ಮೀನಿನ ಹಿಂದೆ ಅರ್ಧ ಯುರೋಪ್ ಓಡಾಡಿತು. ಪೂರ್ವ ದೇಶದ ಮಸಾಲೆಯಿಂದ ಹಾಲೆಂಡ್ ಶ್ರೀಮಂತವಾಯಿತು ಅಂತ ನಾವು ಓದುತ್ತೇವೆ. ಮಸಾಲೆಗೂ ಮೊದಲು ಹಡಗು ಕಟ್ಟಲು, ದುಡ್ಡು ತಿರುಗಿಸಲು, ದೂರ ಹೋಗಿ ಬರಲು ಕಲಿಸಿದ್ದು ಹೆರಿಂಗ್ ಅಂತ ನನ್ನ ನಂಬಿಕೆ.

ಇನ್ನು ಕೋಟೆಯ ಮಾತು. ಬಂದರಿನ ಬಾಯಲ್ಲಿ ಡ್ರೊಮೆಡಾರಿಸ್ ಅಂತ ದಪ್ಪ ಗೋಡೆಯ ಬುರುಜು ನಿಂತಿದೆ. 1540ರಲ್ಲಿ ಕಟ್ಟಿದ್ದು. ಹಡಗಿನಿಂದ ಹೊಡೆದ ಗುಂಡು ಜಾರಿಹೋಗಲಿ ಅಂತ ನೀರಿನ ಕಡೆಯ ಗೋಡೆಯನ್ನು ದುಂಡಗೆ ಮಾಡಿದ್ದಾರೆ. ಮೇಲಿನ ಗೋಪುರದಲ್ಲಿ 17ನೇ ಶತಮಾನದಲ್ಲಿ ಎರಕ ಹೊಯ್ದ ಗಂಟೆಗಳಿವೆ. ಅವನ್ನು ಮಾಡಿದ ಹೆಮೋನಿ ಮನೆತನದವರು ಗಂಟೆಯ ಶ್ರುತಿ ಹಿಡಿಯುವುದರಲ್ಲಿ ಆ ಕಾಲಕ್ಕೆ ಯುರೋಪಿನಲ್ಲೇ ದೊಡ್ಡ ಹೆಸರು. ಊರಿನ ಫೋಟೋ ಅಂದರೆ ಎಲ್ಲರೂ ಈ ಬುರುಜನ್ನೇ ತೆಗೆಯುತ್ತಾರೆ. ನೀನೂ ತೆಗಿ. ಆದರೆ ಅಲ್ಲಿಗೇ ನಿಲ್ಲಬೇಡ.

1572ರಲ್ಲಿ ಈ ಊರು ಒಂದು ದೊಡ್ಡ ನಿರ್ಧಾರ ಮಾಡಿತು. ಆಗ ಇಡೀ ದೇಶ ಸ್ಪೇನಿನ ರಾಜನ ಕೈಯಲ್ಲಿತ್ತು. ಆಲ್ಬಾ ಎಂಬ ಡ್ಯೂಕ್ ಇಲ್ಲಿನ ಅಧಿಕಾರಿ. ತೆರಿಗೆ ಏರಿಸಿ, ಧರ್ಮದ ಹೆಸರಲ್ಲಿ ಜನರನ್ನು ಕೊಲ್ಲಿಸಿ ಭಯ ಹುಟ್ಟಿಸಿದ್ದ. ಏಪ್ರಿಲ್ 1ರಂದು ದಂಗೆಕೋರ ನಾವಿಕರು ದಕ್ಷಿಣದ ಬ್ರೀಲೆ ಎಂಬ ಬಂದರನ್ನು ಹಿಡಿದರು. ಸ್ಪೇನಿನ ಕಡೆಯವರು ಎಂಕ್‌ಹೌಜನ್ನಿಗೂ ಸೈನ್ಯ ತುಂಬಲು ನೋಡಿದರು. ಊರಿನ ಜನ ಎದ್ದು ನಿಂತರು. ಮೇ 21ರಂದು ದಂಗೆಯ ನಾಯಕ, ಆರೆಂಜ್ ರಾಜಕುಮಾರ ವಿಲಿಯಮ್‌ನ ಬಾವುಟ ಏರಿತು. ಬ್ರೀಲೆಯನ್ನು ಹೊರಗಿನವರು ಬಂದು ಗೆದ್ದಿದ್ದರು. ಹಾಲೆಂಡ್ ಪ್ರಾಂತದಲ್ಲಿ ತಾನಾಗಿಯೇ ರಾಜಕುಮಾರನ ಪಕ್ಷ ಸೇರಿದ ಮೊದಲ ಪಟ್ಟಣ ಎಂಕ್‌ಹೌಜನ್. ಅದೇ ಶರತ್ಕಾಲದಲ್ಲಿ ವಿಲಿಯಮ್‌ನ ಸೈನ್ಯ ಚದುರಿ ಹೋಯಿತು. ಆಗ ಅವನು ದೋಣಿಯಲ್ಲಿ ಜೌಡರ್‌ಜೇ ದಾಟಿ ಬಂದು ಕಾಲಿಟ್ಟದ್ದು ಇದೇ ಊರಿಗೆ. ಮರುವರ್ಷ ಅಕ್ಟೋಬರಿನಲ್ಲಿ ಜೌಡರ್‌ಜೇ ಮೇಲೆಯೇ ಯುದ್ಧವಾಯಿತು. ಇಲ್ಲಿನ ಸುತ್ತಮುತ್ತಲ ಊರಿನವರು ಸೇರಿ ಸ್ಪೇನಿನ ಕಡೆಯ ನೌಕಾಧಿಪತಿ ಬೊಸ್ಸುವನ್ನು ಸೆರೆ ಹಿಡಿದರು. ಅವನ ಕತ್ತಿ ಎಂಕ್‌ಹೌಜನ್ನಿನ ಪಾಲಿಗೆ ಬಂತು.

ಆಮ್‌ಸ್ಟರ್‌ಡ್ಯಾಮ್ ಮಾತ್ರ 1578ರ ತನಕ ರಾಜನ ಕಡೆಯೇ ಇತ್ತು. ಹಾಗಾಗಿ ಜೌಡರ್‌ಜೇಯಲ್ಲಿ ಹಡಗುಗಳಿಗೆ ದಾರಿ ತೋರುವ ತೇಲುಬುರುಡೆ, ಕಂಬಗಳನ್ನು ನೋಡಿಕೊಂಡು ಸುಂಕ ಎತ್ತುವ ಹಕ್ಕು ಅದರ ಕೈಯಿಂದ ಎಂಕ್‌ಹೌಜನ್ನಿಗೆ ಬಂತು. ಇದು ಸಣ್ಣ ವಿಷಯ ಅಂತ ಕಾಣಬಹುದು. ನನಗೆ ಈ ಊರಿನ ಜೀವಾಳವೇ ಅದರಲ್ಲಿ ಕಾಣುತ್ತದೆ. ಇದು ದಾರಿ ತಿಳಿದವರ ಊರು.

ನೋಡು, 1584ರಲ್ಲಿ ಇದೇ ಊರಿನ ನಾವಿಕ ಲ್ಯೂಕಾಸ್ ಯಾನ್ಸ್‌ಜೋನ್ ವಾಘೆನಾರ್ ಕಡಲ ನಕ್ಷೆಗಳ ಒಂದು ಪುಸ್ತಕ ಹೊರತಂದ. ಅಚ್ಚಾದ ಕಡಲ ನಕ್ಷೆಗಳ ಸಂಪುಟ ಅಂತ ಬಂದದ್ದರಲ್ಲಿ ಅದೇ ಮೊದಲನೆಯದು. ಪುಟ ತೆರೆದರೆ ಕೆಳಗೆ ದಂಡೆಯ ನಕ್ಷೆ, ನೀರಿನ ಆಳದ ಅಂಕಿ, ಲಂಗರು ಹಾಕುವ ಜಾಗ. ಮೇಲೆ ಅದೇ ದಂಡೆ ಹಡಗಿನಲ್ಲಿ ನಿಂತವನ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಚಿತ್ರ. ಈ ಗುಡ್ಡ, ಆ ಚರ್ಚಿನ ಗೋಪುರ, ಇಂಥ ಮರ. ಬಂದರಿನ ಬಾಯನ್ನು ಬೇಕೆಂದೇ ದೊಡ್ಡದಾಗಿ ಬರೆದಿದ್ದಾನೆ, ಒಳಗೆ ಬರುವವನಿಗೆ ಅಲ್ಲೇ ತಾನೆ ವಿವರ ಬೇಕಾದದ್ದು. ನಾವಿಕನೇ ನಾವಿಕನಿಗೆ ಮಾಡಿದ ಪುಸ್ತಕ ಅದು. ಇಂಗ್ಲಿಷರು ಎಷ್ಟು ಮೆಚ್ಚಿದರೆಂದರೆ, ಮುಂದೆ ಅಂಥ ಯಾವ ಪುಸ್ತಕಕ್ಕೂ ಇವನ ಹೆಸರಿಟ್ಟೇ 'ವ್ಯಾಗನರ್' ಅಂತ ಕರೆದರು.

ಈಗ ನಿನ್ನ ವಿಷಯಕ್ಕೆ ಬಂದೆ. ಯಾನ್ ಹೌಖೆನ್ ಫಾನ್ ಲಿನ್‌ಸ್ಕೋಟನ್ ಅಂತ ಒಬ್ಬ. ಹುಟ್ಟಿದ್ದು ಹಾರ್ಲೆಮ್‌ನಲ್ಲಿ, ಬೆಳೆದದ್ದು ಎಂಕ್‌ಹೌಜನ್ನಿನಲ್ಲಿ. ಹದಿಹರೆಯದಲ್ಲೇ ಮನೆ ಬಿಟ್ಟು ಸ್ಪೇನಿಗೆ, ಅಲ್ಲಿಂದ ಲಿಸ್ಬನ್ನಿಗೆ ಹೋದ. 1583ರಲ್ಲಿ ಗೋವೆಯ ಹೊಸ ಆರ್ಚ್‌ಬಿಷಪ್‌ನ ಗುಮಾಸ್ತನಾಗಿ ಗೋವೆಗೆ ಬಂದಿಳಿದ. ಐದು ವರ್ಷಕ್ಕೂ ಹೆಚ್ಚು ಅಲ್ಲೇ ಇದ್ದ. ಪೋರ್ಚುಗೀಸರು ಯಾರಿಗೂ ತೋರಿಸದ ಹಡಗು ದಾರಿಯ ಬರಹಗಳು ಅವನ ಕೈಗೆ ಸಿಕ್ಕವು. ಕೂತು ನಕಲು ಮಾಡಿಕೊಂಡ. ಬಂದು ಹೋಗುವ ವರ್ತಕರನ್ನು, ನಾವಿಕರನ್ನು ವಿಚಾರಿಸಿದ. ಅವರಲ್ಲಿ ಒಬ್ಬ ಅವನದೇ ಊರಿನವನು, ಡಿರ್ಕ್ ಗೆರ್ರಿಟ್ಸ್ ಪೊಂಪ್. ಪೋರ್ಚುಗೀಸ್ ಹಡಗಿನಲ್ಲಿ ಚೀನಾ, ಜಪಾನ್ ನೋಡಿ ಬಂದ ಮೊದಲ ಡಚ್ಚ ಅಂತ ದಾಖಲೆಯಲ್ಲಿರುವವನು. ಮಂಡೋವಿ ನದಿಯ ದಡದಲ್ಲಿ ಎಂಕ್‌ಹೌಜನ್ನಿನ ಇಬ್ಬರು ಕೂತು ಜಪಾನಿನ ದಾರಿ ಮಾತಾಡಿದ್ದಾರೆ ಅಂದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ವಾಪಸ್ ಬರುವಾಗ ಅವನು ಅಜೋರ್ಸ್ ದ್ವೀಪದಲ್ಲಿ ಎರಡು ವರ್ಷ ಸಿಕ್ಕಿಹಾಕಿಕೊಂಡ. 1592ರಲ್ಲಿ ಊರು ಸೇರಿದ. ಪಕ್ಕದಲ್ಲೇ ಊರಿನ ವೈದ್ಯ ಬರ್ನಾರ್ಡಸ್ ಪಲುಡಾನಸ್ ಇದ್ದ. ಆ ವೈದ್ಯನ ಮನೆ ತುಂಬ ದೇಶವಿದೇಶದ ಚಿಪ್ಪು, ಬೀಜ, ಕಲ್ಲು, ಒಣಗಿಸಿದ ಪ್ರಾಣಿ. ಅವನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಲಿನ್‌ಸ್ಕೋಟನ್ ಕಂಡದ್ದನ್ನು ಬರೆದ, ವೈದ್ಯ ಪುಟದ ನಡುವೆ ಗಿಡಮೂಲಿಕೆಯ ಟಿಪ್ಪಣಿ ಸೇರಿಸಿದ. 1596ರಲ್ಲಿ ಬಂದ ಆ ಪುಸ್ತಕವೇ 'ಇಟಿನೆರಾರಿಯೋ'. ಎರಡೇ ವರ್ಷದಲ್ಲಿ ಇಂಗ್ಲಿಷ್‌ಗೂ ಜರ್ಮನ್‌ಗೂ ಹೋಯಿತು.

ಅದರಲ್ಲಿ ನಮ್ಮ ಕರಾವಳಿ ಇದೆ ರಾಘು. ಹೊನ್ನಾವರ 'ಓನೋರ್' ಆಗಿ ಇದೆ, ಬಸ್ರೂರು 'ಬಾರ್ಸೆಲೋರ್' ಆಗಿ ಇದೆ, ಮಂಗಳೂರು ಇದೆ. ಮೂರೂ ಕಡೆ ಪೋರ್ಚುಗೀಸರ ಕೋಟೆ ಇದ್ದ ಮಾತು ಇದೆ. ಹೊನ್ನಾವರದಲ್ಲಿ ಮೆಣಸು ತುಂಬಿಸುವ ವಿಷಯ ಬರುತ್ತದೆ. ಆ ಮೆಣಸನ್ನು ಮಾರುವ ಭಟ್ಕಳದ ರಾಣಿಯ ಮಾತೂ ಬರುತ್ತದೆ. ಗೇರುಸೊಪ್ಪೆಯಿಂದ ನಮ್ಮ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳುತ್ತಿದ್ದ ಕಾಲ ಅದು. ಘಟ್ಟದ ಮೇಲಿನಿಂದ ಗೋವೆಗೆ ಬಟ್ಟೆ ಬರೆ ತರುವ ಕನ್ನಡ ಸೀಮೆಯ ವರ್ತಕರ ಬಗ್ಗೆ, ದಖ್ಖನಿಗಳ ಬಗ್ಗೆ ಒಂದು ಅಧ್ಯಾಯವೇ ಇದೆ. ಹಲಸು, ಮಾವು, ತೆಂಗು, ವೀಳ್ಯದೆಲೆ ಎಲ್ಲ ಇವೆ. ಗೋವೆಯ ಪೇಟೆಬೀದಿಯ ಚಿತ್ರವನ್ನಂತೂ ಗಂಟೆಗಟ್ಟಲೆ ನೋಡಬಹುದು. ಕೊಡೆ ಹಿಡಿಸಿಕೊಂಡು ಹೋಗುವ ದೊರೆಗಳು, ಬೀದಿಯಲ್ಲೇ ಮಾರಾಟಕ್ಕೆ ನಿಲ್ಲಿಸಿದ ಗುಲಾಮರು, ನೀರು ಹೊರುವವರು. ಆಳುವ ಪೋರ್ಚುಗೀಸರ ಸೋಮಾರಿತನ, ಲಂಚಕೋರತನ ಎಲ್ಲವನ್ನೂ ಬರೆದುಬಿಟ್ಟಿದ್ದಾನೆ. ನಮ್ಮ ಜನರ ಬಗ್ಗೆ ಅವನ ಕಣ್ಣು ಎಲ್ಲ ಕಡೆ ಸರಿ ಇಲ್ಲ. ನಮ್ಮ ದೇವರುಗಳನ್ನು ಕಂಡು ಅವನಿಗೆ ಹೆದರಿಕೆ, ಅಸಹ್ಯ. ಆದರೂ ಇಷ್ಟು ವಿವರ ಬರೆದಿಟ್ಟವರು ಆ ಕಾಲಕ್ಕೆ ಕಡಿಮೆ.

ಪುಸ್ತಕದಲ್ಲಿ ಒಂದು ಸಲಹೆ ಇತ್ತು. ಜಾವಾ ಕಡೆ ಪೋರ್ಚುಗೀಸರ ಬಲ ಕಡಿಮೆ, ಸುಂಡಾ ಜಲಸಂಧಿಯ ಮೂಲಕ ಅಲ್ಲಿಗೆ ಹೋಗಿ ಅಂತ. ಪುಸ್ತಕ ಪೂರ್ತಿ ಬರುವ ಮೊದಲೇ, ಅವನ ದಾರಿ ಬರಹ ಹಿಡಿದುಕೊಂಡೇ 1595ರಲ್ಲಿ ಮೊದಲ ಡಚ್ ಹಡಗುಗಳು ಪೂರ್ವಕ್ಕೆ ಹೊರಟವು. ಇವನ ಪುಸ್ತಕದಿಂದಲೇ ಇಂಗ್ಲಿಷ್, ಡಚ್ ಕಂಪನಿಗಳು ಹುಟ್ಟಿದವು ಅನ್ನುವುದು ಜಾಸ್ತಿ ಆಯಿತು. ಆದರೆ ಬಾಗಿಲ ಚಿಲಕ ತೆಗೆದವನು ಇವನು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಆದಾಗ ಅದಕ್ಕೆ ಆರು ಊರುಗಳಲ್ಲಿ ಶಾಖೆ. ಅದರಲ್ಲಿ ಎಂಕ್‌ಹೌಜನ್ ಒಂದು, ಅದರ ಪಾಲು ಹದಿನಾರರಲ್ಲಿ ಒಂದು. ಅರ್ಧ ಭಾಗ ಆಮ್‌ಸ್ಟರ್‌ಡ್ಯಾಮಿನದು. ಲಿನ್‌ಸ್ಕೋಟನ್ ಮತ್ತೆ ಪೂರ್ವಕ್ಕೆ ಬರಲಿಲ್ಲ. ಡಚ್ ನಾವಿಕ ಬಾರೆಂಟ್ಸ್ ಜೊತೆ ಉತ್ತರದ ಹಿಮಸಾಗರಕ್ಕೆ ಎರಡು ಸಲ ಹೋಗಿ ಬಂದ, ಊರಿನ ಖಜಾಂಚಿಯಾದ, 1611ರಲ್ಲಿ ತೀರಿಕೊಂಡ.

ಈ ಜ್ಞಾನದ ಬೆಲೆ ಕೊಟ್ಟವರು ಬೇರೆಯವರು. ಪಕ್ಕದ ಊರು ಹೋರ್ನ್‌ನಲ್ಲಿ ಹುಟ್ಟಿದ, ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್ಸ್‌ಜೋನ್ ಕೂನ್ 1621ರಲ್ಲಿ ಜಾಯಿಕಾಯಿಗೋಸ್ಕರ ಈಗಿನ ಇಂಡೋನೇಷ್ಯಾದ ಬಾಂಡಾ ದ್ವೀಪದ ಜನರನ್ನು ಸಾವಿರಗಟ್ಟಲೆ ಕೊಲ್ಲಿಸಿದ, ಉಳಿದವರನ್ನು ಗುಲಾಮರನ್ನಾಗಿ ಮಾಡಿದ. ಅವನ ಪ್ರತಿಮೆ ಹೋರ್ನ್‌ನ ಚೌಕದಲ್ಲಿ ನಿಂತಿದೆ, ಅದರ ಬಗ್ಗೆ ಜಗಳ ನಡೆಯುತ್ತಲೇ ಇದೆ. ಎಂಕ್‌ಹೌಜನ್ನಿನಲ್ಲಿ 1625ರಲ್ಲಿ ಕಟ್ಟಿದ ಪೆಪ್ಪರ್‌ಹೌಸ್ ಅಂತ ದೊಡ್ಡ ಉಗ್ರಾಣ ಇದೆ. ಮುಂದೆ ಕಂಪನಿ ಅಲ್ಲಿ ಮೆಣಸು ತುಂಬಿತು. ಒಳಗೆ ನಿಂತಾಗ ಇವೆರಡನ್ನೂ ಒಟ್ಟಿಗೆ ನೆನೆಯಬೇಕು, ಇಟ್ಟಿಗೆಯ ಚೆಂದವನ್ನೂ ಬಾಂಡಾದವರನ್ನೂ. ನಮ್ಮ ಕಡೆ ಡಚ್ಚರು ಅಷ್ಟು ಬೇರೂರಲಿಲ್ಲ. ಬಸ್ರೂರಿನಲ್ಲಿ ಒಂದು ಕೋಠಿ ಇಟ್ಟುಕೊಂಡು ಕೆಳದಿಯ ಅರಸರ ಸೀಮೆಯ ಅಕ್ಕಿ ಕೊಳ್ಳುತ್ತಿದ್ದರು.

ಈಗ ನಾನು ನಿನಗೆ ತೋರಿಸಬೇಕು ಅಂತ ಇರುವ ಜಾಗ. ಬಂದರಿನಿಂದ ವೆಸ್ಟರ್‌ಸ್ಟ್ರಾಟ್ ಹಿಡಿದು ಪಶ್ಚಿಮಕ್ಕೆ ನಡೆ. ಅಂಗಡಿ ಮುಗಿಯುತ್ತವೆ, ಮನೆ ವಿರಳವಾಗುತ್ತವೆ. ಕೊನೆಗೆ ಕೂಪೋರ್ಟ್, ಅಂದರೆ ಹಸುಗಳ ಬಾಗಿಲು. ಅಲ್ಲಿ ಕೋಟೆಯ ದಿಬ್ಬ ಹತ್ತು. ಕಲ್ಲಿನ ಕೋಟೆ ಅಂದುಕೊಂಡು ಬರಬೇಡ, ಇದು ಮಣ್ಣಿನದು. 16ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಆ ಹೊತ್ತಿಗೆ ಫಿರಂಗಿ ಬಲವಾಗಿತ್ತು. ಕಲ್ಲಿನ ಗೋಡೆ ಗುಂಡು ಬಿದ್ದರೆ ಸಿಡಿಯುತ್ತದೆ, ದಪ್ಪ ಮಣ್ಣು ಗುಂಡನ್ನು ನುಂಗುತ್ತದೆ. ಅದಕ್ಕೇ ತಗ್ಗಾದ ಅಗಲ ದಿಬ್ಬ, ಮುಂದಕ್ಕೆ ಚಾಚಿದ ಮೂಲೆಕೊತ್ತಳಗಳು, ಹೊರಗೆ ಕಂದಕ. ಒಂದು ಕೊತ್ತಳದಲ್ಲಿ ನಿಂತವನು ಪಕ್ಕದ ಕೊತ್ತಳದ ಬುಡವನ್ನು ಕಾಯಬಹುದು. ಯಾವ ಮೂಲೆಯೂ ಮರೆಯಾಗಿ ಉಳಿಯುವುದಿಲ್ಲ.

ದಿಬ್ಬದ ಮೇಲೆ ನಿಂತು ಹೊರಗೆ ನೋಡಬೇಡ, ಒಳಗೆ ನೋಡು. ಹುಲ್ಲು, ಮರ, ತೋಟ. ರೈತರ ಹಳೆಯ ಮನೆಗಳು. ಕೋಟೆಯ ಒಳಗೇ ರೈತರ ಕೇರಿ! ಈ ಮನೆಗಳನ್ನು ಸ್ಟೋಲ್ಪ್ ಅನ್ನುತ್ತಾರೆ. ಚೌಕಾಕಾರ, ಮೇಲೆ ಗೋಪುರದ ಹಾಗೆ ಎತ್ತರದ ಮಾಡು. ನಟ್ಟನಡುವೆ ಹುಲ್ಲಿನ ರಾಶಿ, ಅದರ ಸುತ್ತ ಒಂದು ಕಡೆ ಕೊಟ್ಟಿಗೆ, ಇನ್ನೊಂದು ಕಡೆ ಮನೆಯವರು, ಎಲ್ಲ ಒಂದೇ ಸೂರಿನಡಿ.

ಇದು ಹೇಗಾಯಿತು? ಗೋಡೆ ಕಟ್ಟುವಾಗ ಊರು ದಿನೇ ದಿನೇ ಬೆಳೆಯುತ್ತಿತ್ತು. ಮುಂದೆ ಇನ್ನೂ ಬೆಳೆಯುತ್ತದೆ ಅಂತ ಲೆಕ್ಕ ಹಾಕಿ ದೂರದಲ್ಲಿ ಗೋಡೆ ಎಳೆದರು. ಹೊಸ ಕಾಲುವೆ ತೋಡಿದರು, ಬೀದಿಗೆ ಗುರುತು ಹಾಕಿದರು. 1622ರ ಗಣತಿಯಲ್ಲಿ ಇಲ್ಲಿ 20 ಸಾವಿರಕ್ಕೂ ಹೆಚ್ಚು ಜನ. ಇವತ್ತು ಕೋಟೆಯ ಹೊರಗಿನ ಬಡಾವಣೆಗಳನ್ನೂ ಸೇರಿಸಿದರೆ ಅಷ್ಟು ಜನ ಇಲ್ಲ. ನಾನೂರು ವರ್ಷ ಕಳೆದರೂ ಊರು ತನ್ನ ಹಳೆಯ ಅಳತೆಗೆ ಮತ್ತೆ ಬರಲಿಲ್ಲ.

ಕಾರಣ ಒಂದಲ್ಲ. ಇಂಗ್ಲಿಷರ ಜೊತೆ ಒಂದಾದ ಮೇಲೊಂದು ಯುದ್ಧ. 1703ರಲ್ಲಿ ಶೆಟ್‌ಲ್ಯಾಂಡ್ ಹತ್ತಿರ ಫ್ರೆಂಚರು ಡಚ್ ಹೆರಿಂಗ್ ಹಡಗುಗಳಿಗೆ ಬೆಂಕಿ ಇಟ್ಟರು. ಪ್ಲೇಗ್ ಬಂತು. ಬಂದರಿನ ಮುಂದೆ ಮರಳು ತುಂಬಿತು, ಹಡಗುಗಳ ಗಾತ್ರ ಮಾತ್ರ ಬೆಳೆಯುತ್ತಲೇ ಹೋಯಿತು. ಶರಾವತಿ ಅಳಿವೆಯಲ್ಲಿ ಮರಳು ಕಟ್ಟಿ ನಿಮ್ಮೂರಿನ ಬೋಟುಗಳು ಪಡುವ ಪಾಡು ನಿನಗೆ ಹೇಳಬೇಕಾಗಿಲ್ಲ, ಇಲ್ಲೂ ಅದೇ ಕಥೆ. ಎಲ್ಲಕ್ಕಿಂತ ದೊಡ್ಡದು ಆಮ್‌ಸ್ಟರ್‌ಡ್ಯಾಮ್. ಬಂಡವಾಳ ಅಲ್ಲಿ, ಮಾರುಕಟ್ಟೆ ಅಲ್ಲಿ, ಶ್ರೀಮಂತರ ಮಕ್ಕಳೂ ಅಲ್ಲಿಗೇ ಹೋದರು. 18ನೇ ಶತಮಾನದಲ್ಲಿ ಇಲ್ಲಿ ಖಾಲಿ ಬಿದ್ದ ಮನೆಗಳನ್ನು ಒಡೆದು ಇಟ್ಟಿಗೆ, ಮರ ಮಾರಿದರು. ಸಾಲು ಸಾಲು ಮನೆ ಹೋದವು. ಆ ಜಾಗದಲ್ಲಿ ಹುಲ್ಲು ಬೆಳೆಯಿತು, ಹಸು ಮೇಯ್ದವು. 19ನೇ ಶತಮಾನದಲ್ಲಿ ಬಂದ ಪ್ರವಾಸಿಗಳು ಜೌಡರ್‌ಜೇ ದಂಡೆಯ ಇಂಥ ಊರುಗಳನ್ನು 'ಸತ್ತ ನಗರಗಳು' ಅಂತ ಕರೆದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಸತ್ತ ಊರಿನಲ್ಲಿ ಹಾಲು ಕರೆಯುವವರು ಯಾರು? ಮೊದಲು ಹೇಳಿದೆನಲ್ಲ, ರೈತರ ಗೊಮ್ಮರ್‌ಕಾರ್ಸ್ಪೆಲ್, ಅದು ಎಲ್ಲೂ ಹೋಗಿರಲಿಲ್ಲ. ವರ್ತಕರು ಬಿಟ್ಟುಹೋದ ಜಾಗವನ್ನು ಹೊಲದವರು ತುಂಬಿದರು. ನಾನು ಊರಿಗೆ ಹೋದಾಗಲೆಲ್ಲ ಬುರುಜಿಗಿಂತ ಮೊದಲು ಈ ಪಶ್ಚಿಮದ ದಿಬ್ಬಕ್ಕೇ ಹೋಗುತ್ತೇನೆ. ಹಳೆಯ ಸಂಪತ್ತನ್ನು ಮೆರೆಸುವ ಊರು ಬೇಕಾದಷ್ಟಿವೆ. ಬೆಳೆಯದೆ ಉಳಿದ ಜಾಗವನ್ನೂ ಜೋಪಾನ ಮಾಡಿಟ್ಟ ಊರು ನನಗೆ ಇದೊಂದೇ ಸಿಕ್ಕಿದ್ದು.

ಪೂರ್ವದ ಕಡೆ ನೀರಿನ ಅಂಚಿಗೆ ವೀರ್‌ಡೈಕ್ ಅಂತ ಬೀದಿ ಇದೆ. ಪೆಪ್ಪರ್‌ಹೌಸ್ ಇರುವುದು ಅಲ್ಲೇ. ವೀರ್ ಅಂದರೆ ಕಡಲ ಹುಲ್ಲು. ಜೌಡರ್‌ಜೇ ತಳದಲ್ಲಿ ಬೆಳೆಯುತ್ತಿದ್ದ ಉದ್ದನೆಯ ಹುಲ್ಲನ್ನು ಕೊಯ್ದು, ದಂಡೆಯ ಮುಂದೆ ಆಳೆತ್ತರಕ್ಕೂ ಮೀರಿ ಪೇರಿಸಿ, ಅಲುಗದ ಹಾಗೆ ಮರದ ಗೂಟದ ಸಾಲು ಹೊಡೆಯುತ್ತಿದ್ದರು. ಹುಲ್ಲು ತನ್ನ ಭಾರಕ್ಕೇ ಒತ್ತಿಕೊಂಡು ಗಟ್ಟಿ ಹಾಸಾಗುತ್ತಿತ್ತು. ಅಲೆ ಬಡಿದರೆ ಬಾಗುತ್ತದೆ, ಒಡೆಯುವುದಿಲ್ಲ. ಹೀಗೆ ಶತಮಾನಗಳ ಕಾಲ ಕಡಲನ್ನು ಹುಲ್ಲಿನಿಂದ ತಡೆದರು. 1730ರ ಹೊತ್ತಿಗೆ ಮರ ಕೊರೆಯುವ ಹುಳು ಬಂತು. ಅದು ನಿಜಕ್ಕೂ ಹುಳು ಅಲ್ಲ, ಉದ್ದ ಮೈಯ ಒಂದು ಚಿಪ್ಪುಪ್ರಾಣಿ. ಹೊರಗಿನಿಂದ ಗೂಟ ಚೆನ್ನಾಗಿ ಕಾಣುತ್ತದೆ, ಒಳಗೆ ಬೆರಳು ತೂರುವಷ್ಟು ತೂತು. ಗೂಟಗಳು ಕಡ್ಡಿಯ ಹಾಗೆ ಮುರಿದವು. ಆಮೇಲೆ ದೂರದಿಂದ ಕಲ್ಲು ತರಿಸಿ ದಂಡೆಗೆ ಹೊದಿಸಬೇಕಾಯಿತು. ಕಲ್ಲೇ ಇಲ್ಲದ ದೇಶ ಇದು. ಆ ಖರ್ಚು ಮೊದಲೇ ಸೊರಗಿದ್ದ ಸೀಮೆಯನ್ನು ಇನ್ನಷ್ಟು ಹಿಂಡಿತು.

ಕೊನೆಗೆ ಕಡಲೇ ಹೋಯಿತು. ಜೌಡರ್‌ಜೇಗೆ ಅಡ್ಡ ಕಟ್ಟಬೇಕು ಅಂತ ಎಂಜಿನಿಯರ್ ಕಾರ್ನೆಲಿಸ್ ಲೇಲಿ 1891ರಲ್ಲೇ ಯೋಜನೆ ಮಾಡಿದ್ದ. 1916ರ ಜನವರಿಯ ನೆರೆ ಆದ ಮೇಲೆ ಸರ್ಕಾರ ಮನಸ್ಸು ಮಾಡಿತು, 1918ರಲ್ಲಿ ಕಾನೂನು ಬಂತು. 1932ರ ಮೇ 28ರಂದು 32 ಕಿ.ಮೀ. ಉದ್ದದ ಕಟ್ಟೆಯ ಕೊನೆಯ ಸಂದಿ ಮುಚ್ಚಿತು. ನದಿಗಳ ನೀರು ತುಂಬಿ ಕೆಲವೇ ವರ್ಷದಲ್ಲಿ ಒಳಗಿನ ಕಡಲು ಸಿಹಿಯಾಯಿತು. ಹೆರಿಂಗ್, ಆಂಚೊವಿ ಮಾಯವಾದವು. ಮೀನುಗಾರರು ಹಾವುಮೀನು ಹಿಡಿದು ಬದುಕಿದರು, ಬಹಳ ಮಂದಿ ಕಸುಬೇ ಬಿಟ್ಟರು. 1970ರ ದಶಕದಲ್ಲಿ ಎಂಕ್‌ಹೌಜನ್ನಿನಿಂದ ಲೇಲಿಸ್ಟಾಡ್‌ಗೆ ಇನ್ನೊಂದು ಕಟ್ಟೆ ಬಂತು, 25 ಕಿ.ಮೀ.ಗೂ ಉದ್ದ. ಈಗ ಊರಿನ ಒಂದು ಕಡೆ ಐಸೆಲ್‌ಮೇರ್ ಕೆರೆ, ಇನ್ನೊಂದು ಕಡೆ ಮಾರ್ಕರ್‌ಮೇರ್ ಕೆರೆ. ಆ ಕಟ್ಟೆಯ ಬುಡದಲ್ಲಿ ಒಂದು ಚಮತ್ಕಾರ ಇದೆ, ಎಂಜಿನಿಯರ್ ಆದ ನಿನಗೆ ಇಷ್ಟವಾಗುತ್ತದೆ. ಹಡಗುಗಳು ದಾಟುವ ಲಾಕ್ (ನೀರುಬಾಗಿಲು) ಮೇಲೆ, ಹೆದ್ದಾರಿ ಅದರ ಕೆಳಗೆ. ನೀನು ಕಾರಿನಲ್ಲಿ ಹೋಗುತ್ತಿದ್ದರೆ ನೆತ್ತಿಯ ಮೇಲೆ ಹಾಯಿದೋಣಿ ಸಾಗುತ್ತದೆ.

ಕಡಲು ಮುಚ್ಚಿದಾಗ ಕಳೆದುಹೋದ ಬದುಕನ್ನು ಉಳಿಸಲು 1948ರಲ್ಲಿ ಇಲ್ಲಿ ಜೌಡರ್‌ಜೇ ಮ್ಯೂಸಿಯಂ ಹುಟ್ಟಿತು. 1983ರಲ್ಲಿ ಅದರ ಬಯಲು ಭಾಗ ತೆರೆಯಿತು. ಸುತ್ತಲ ಊರುಗಳಿಂದ ಹಳೆಯ ಮನೆ, ಅಂಗಡಿ, ಸುಣ್ಣದ ಗೂಡು, ಮೀನು ಹೊಗೆಯಾಡಿಸುವ ಮನೆಗಳನ್ನು ತಂದು ನಿಲ್ಲಿಸಿದ್ದಾರೆ. ಕೆಲವನ್ನು ಬಿಚ್ಚದೆ ಇಡಿಯಾಗಿಯೇ ತೆಪ್ಪದ ಮೇಲೆ ತೇಲಿಸಿಕೊಂಡು ಬಂದರು. ಹೊಗೆ ಹಾಕಿದ ಹೆರಿಂಗ್ ಅಲ್ಲೇ ಬಿಸಿಬಿಸಿ ಸಿಗುತ್ತದೆ, ಬಂಗುಡೆ ಪ್ರಿಯನಾದ ನೀನು ಬಿಡಬಾರದು. ಊರಿನಲ್ಲಿ ಈಗಲೂ ನೌಕಾಶಾಲೆ ಇದೆ. ಹಾಯಿಹಡಗು ನಡೆಸುವುದನ್ನು ಹೇಳಿಕೊಡುತ್ತಾರೆ. ದಾರಿ ತಿಳಿಯುವ ವಿದ್ಯೆಯನ್ನು ಊರು ಕೈಬಿಟ್ಟಿಲ್ಲ.

ಹೊಲವೂ ಉಳಿದಿದೆ, ಬೀಜವಾಗಿ. ಈ ಸೀಮೆಯ ನೆಲ ಕಡಲು ತಂದ ಮೆತ್ತನೆ ಜೇಡಿ. ನೀರು ಸುತ್ತಲೂ ಇರುವುದರಿಂದ ಚಳಿ ಕಡಿಮೆ, ಬಿಸಿಲು ಚೆನ್ನಾಗಿ ಬೀಳುತ್ತದೆ, ಬೀಜ ಒಣಗಿಸಲು ಗಾಳಿ ಇದೆ. 1867ರಲ್ಲಿ ಸ್ಲೌಸ್ ಮತ್ತು ಗ್ರೋಟ್ ಎಂಬ ಎರಡು ಮನೆತನ ಸೇರಿ ತರಕಾರಿ ಬೀಜದ ವ್ಯಾಪಾರ ಶುರು ಮಾಡಿದವು. ಇವತ್ತು ಎಂಕ್‌ಹೌಜನ್ ಜಗತ್ತಿನ ತರಕಾರಿ ಬೀಜದ ದೊಡ್ಡ ಕೇಂದ್ರಗಳಲ್ಲಿ ಒಂದು. ಅದೇ ಮನೆತನದ ಸೈಮನ್ ಗ್ರೋಟ್ 1980ರ ದಶಕದಲ್ಲಿ ಫಿಲಿಪ್ಪೀನ್ಸ್‌ಗೆ ಹೋಗಿ ಸಣ್ಣ ರೈತರಿಗಾಗಿ ಉಷ್ಣವಲಯದ ತರಕಾರಿ ತಳಿ ಬೆಳೆಸಿದರು. ಹಾಗಲ, ಬದನೆ, ಮೆಣಸಿನಕಾಯಿ, ನಾವು ತಿನ್ನುವುದೇ. 2019ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಹೈಬ್ರಿಡ್ ತರಕಾರಿ ಬೀಜಕ್ಕೆ ಹೆಸರಾದ ರಾಣೆಬೆನ್ನೂರಿನಲ್ಲಿ ನಿನ್ನ ಭಾವ ಬೀಜದ ಟೊಮ್ಯಾಟೊ ಬೆಳೆಯುತ್ತಾರಲ್ಲ, ಅವರನ್ನೂ ಕರೆದುಕೊಂಡು ಬಾ. ಹೂವಿಗೆ ಕೈಯಾರೆ ಪರಾಗ ಮುಟ್ಟಿಸುವ ಕೆಲಸದ ಬಗ್ಗೆ ಇಲ್ಲಿನವರ ಜೊತೆ ಮಾತಿಗೆ ಕೂತರೆ ಅವರು ಊಟವನ್ನೂ ಮರೆತಾರು.

ಬರುವುದಾದರೆ ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಬಾ, ಮ್ಯೂಸಿಯಂನ ಬಯಲು ಭಾಗ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್‌ನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ, ಹಳಿ ಅಲ್ಲಿಗೇ ಮುಗಿಯುತ್ತದೆ. ಇಳಿದರೆ ಎದುರಿಗೇ ಬಂದರು. ಬೇಸಿಗೆಯಲ್ಲಿ ಅಲ್ಲಿಂದ ಎದುರು ದಡದ ಸ್ಟಾವೊರನ್‌ಗೆ ದೋಣಿ ಹೋಗುತ್ತದೆ, ಸಮಯ ಇದ್ದರೆ ಹತ್ತೋಣ. ಗಾಳಿ ಜೋರು ಇರುತ್ತದೆ, ಒಳ್ಳೆ ಜಾಕೆಟ್ ಮರೆಯಬೇಡ. ವೀಸಾಕ್ಕೆ ಯಾವಾಗ ಅರ್ಜಿ ಹಾಕುತ್ತೀಯ ಅಂತ ಬರಿ, ಆಹ್ವಾನಪತ್ರ ಕಳಿಸುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ,
ಗಿರೀಶ